ಸುಣ್ಣದ ಕಲ್ಲೂ ಚಿಂಕಾರವೂ

ಜಮಖಂಡಿ, ಮುಧೋಳಗಳೆಂದೊಡನೆ ಕಬ್ಬಿನ ಗದ್ದೆಗಳೂ, ರಬಕವಿ-ಬನಹಟ್ಟಿಯೆಂದೊಡನೆ ಮಗ್ಗದ ಸಪ್ಪಳವೂ ನೆನಪಿಗೆ ಬರುವುದು ಸಹಜ. ಆದರೆ ಕೃಷ್ಣೆ, ಘಟಪ್ರಭೆಗಳ ನೀರು ಮುಟ್ಟದ ಕಲ್ಲುಗುಡ್ಡಗಳೂ ಈ ಸೀಮೆಯಲ್ಲಿ ಉಂಟು. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡು ಅಂಥದು. ಅಲ್ಲಿಯ ನಿವಾಸಿ ಚಿಂಕಾರವೆಂಬ ಪುಟ್ಟ ಹುಲ್ಲೆ. ಎಲೆ, ಚಿಗುರುಗಳ ತೇವದಿಂದಲೇ ದಾಹ ತಣಿಸಿಕೊಂಡು ಹಲವು ದಿನ ನೀರಿಲ್ಲದೆ ಬಾಳಬಲ್ಲ ಈ ಮೂಕಜೀವಿಗಾಗಿ ಸುಮಾರು 96 ಚದರ ಕಿಲೋಮೀಟರು ನೆಲವನ್ನು ಸರ್ಕಾರವು ವನ್ಯಜೀವಿಧಾಮವೆಂದು ಘೋಷಿಸಿದೆ.

ಇದೇ ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತಿನಲ್ಲಿ ಮತ್ತೊಂದು ಸಂಪತ್ತಿದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಕಡಲಡಿಯಲ್ಲಿ ಪದರಪದರವಾಗಿ ನೆಲೆಗೊಂಡ ಸುಣ್ಣದ ಕಲ್ಲು ಅದು. ಒಂದು ಟನ್ನು ಸಿಮೆಂಟಿಗೆ ಸುಮಾರು ಒಂದೂವರೆ ಟನ್ನು ಸುಣ್ಣದ ಕಲ್ಲು ಬೇಕು. ಮನೆ, ಸೇತುವೆ, ಶಾಲೆಗಳನ್ನು ಬಯಸುವ ನಾಡು ಗಣಿಯೇ ಬೇಡವೆನ್ನಲಾರದು. ಪ್ರಶ್ನೆ ಇರುವುದು, ಎಲ್ಲಿ ಅಗೆಯಬೇಕು, ಯಾರನ್ನು ಕೇಳಿ ಅಗೆಯಬೇಕು ಎಂಬುದರಲ್ಲಿ.

ನೆಲ ಕಳೆದುಕೊಳ್ಳುವ ಸಂಕಟ ಈ ಸೀಮೆಗೆ ಹೊಸದಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಊರುಗಳು ಮುಳುಗಿದವು. ಪರಿಹಾರದ ಹಣ ಕರಗಿತು. ಹೊಲ ಮರಳಿ ಬರಲಿಲ್ಲ. ತಮ್ಮನ್ನು ಕೇಳದೆ ಆಯುಧ ಕಸಿಯಬಂದ ಆಂಗ್ಲ ಸರ್ಕಾರದ ವಿರುದ್ಧ 1857ರಲ್ಲಿ ಸಿಡಿದೆದ್ದ ಹಲಗಲಿಯ ಬೇಡರೂ ಇದೇ ಮಣ್ಣಿನವರು. ಇಂದಿನ ಕುರಿಗಾಹಿಗೂ ಒಣಬೇಸಾಯದ ರೈತನಿಗೂ ಗಣಿಯೆಂದರೆ ಎರಡು ಭಯ: ಎಲೆಯ ಮೇಲೆ ಕೂರುವ ಧೂಳು, ಆಳದ ಗುಂಡಿಯತ್ತ ಇಳಿದುಹೋಗುವ ಬಾವಿಯ ನೀರು. ಕುರಿ ತಿನ್ನಲೊಲ್ಲದ ಎಲೆಯನ್ನು ಚಿಂಕಾರವಾದರೂ ತಿಂದೀತೆ?

ಕಾನೂನು ಕೈಕಟ್ಟಿ ಕುಳಿತಿಲ್ಲ. ವನ್ಯಜೀವಿಧಾಮದ ಒಳಗೂ ಅದರ ಗಡಿಯಿಂದ ಒಂದು ಕಿಲೋಮೀಟರಿನವರೆಗೂ ಗಣಿಗಾರಿಕೆ ಸಲ್ಲದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. 2015ರ ತಿದ್ದುಪಡಿಯಂತೆ ಗಣಿಯ ಒಡೆಯರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ತೆರಬೇಕು. ಆ ಹಣ ಗಣಿಬಾಧಿತ ಜನರದು. ಗಣಿಯನ್ನು ಮುಚ್ಚುವ ಯೋಜನೆಯನ್ನೂ ಒಪ್ಪಿಸಬೇಕು.

ಎಲ್ಲವೂ ಕೈಮೀರಿದ ಮೇಲೆ ಎಚ್ಚರಗೊಂಡರೆ ಏನಾಗುವುದೆಂಬುದಕ್ಕೆ ಬಳ್ಳಾರಿಯೇ ಸಾಕ್ಷಿ. 2011ರಲ್ಲಿ ಅಲ್ಲಿಯ ಗಣಿಗಳು ನ್ಯಾಯಾಲಯದ ಆಜ್ಞೆಯಿಂದ ನಿಂತವು. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯಾದ ಬಳಿಕವೇ ಕೆಲವು ಮತ್ತೆ ತೆರೆದವು. ಅಷ್ಟರಲ್ಲಿ ಕೂಲಿಯವನ ಅನ್ನವೂ ಹೋಗಿತ್ತು, ಗುಡ್ಡದ ಹಸಿರೂ ಹೋಗಿತ್ತು.

ಆದುದರಿಂದ ಮೊದಲು ಅಗೆಯಬಾರದ ನೆಲವನ್ನು ಗುರುತಿಸಬೇಕು. ಅನಂತರ ಗ್ರಾಮಸಭೆಯ ಮಾತು ಕೇಳಬೇಕು. ಮೇಲ್ಮಣ್ಣನ್ನು ಬೇರೆಯಾಗಿ ಕಾಯ್ದಿಟ್ಟು, ಅಗೆದು ಮುಗಿದ ಭಾಗವನ್ನು ಮುಚ್ಚುತ್ತಲೇ ಮುಂದೆ ಸಾಗಬೇಕು. ಬಾವಿಯ ನೀರಿನ ಮಟ್ಟವನ್ನು ಊರವರೆದುರೇ ಅಳೆದು, ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಗಣಿಯ ಆಯುಷ್ಯ ಕೆಲವು ದಶಕಗಳದು. ಊರು ಅದಕ್ಕೂ ಮುಂಚೆ ಇತ್ತು, ಆಮೇಲೂ ಇರಬೇಕಾದುದು.