ಗೂಟ ಹೊಡೆಯುವ ಮೊದಲು ಕೇಳಲಿ, ನಾವೂ ಹೇಳೋಣ

ಉಳ್ಳಾಗಡ್ಡಿ ಮಾರಲು ಅಮರಗೋಳದ ಎಪಿಎಂಸಿಗೆ ಹೋದಾಗಲೆಲ್ಲ ಹುಬ್ಬಳ್ಳಿ ಕಮರಿಪೇಟೆಯ ತಂಗಿ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು ನನ್ನ ರೂಢಿ. ಅವಳದು ಒಂದೇ ಖೋಲಿಯ ಬಾಡಿಗೆ ಮನೆ. ಗಂಡ ಹಮಾಲಿ. ಇವಳು ಕಟ್ಟಿಗೆ ಒಲೆಯ ಮೇಲೆ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಸರಕಾರದ ಗುಂಪು ಮನೆಗೆ ಅರ್ಜಿ ಹಾಕಿದ್ದಾಳೆ. ಹೋದ ಸಲ ಊಟಕ್ಕೆ ಕುಂತಾಗ ಕೇಳಿದಳು, "ಅಣ್ಣಾ, ಮೂರನೇ ಅಂತಸ್ತಿನ್ಯಾಗ ಮನಿ ಬಂದ್ರ ಒಲಿ ಎಲ್ಲಿ ಹಚ್ಚಲಿ? ಕಟ್ಟೂ ಮೊದಲ ನಮ್ಮನ್ನ ಯಾರರ ಕೇಳ್ತಾರೇನು?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮೂರಿನ ಕಥೆ ನೆನಪಾಯಿತು.

ನಮ್ಮೂರಲ್ಲಿ ಆದದ್ದು

ಮನೆ ಇಲ್ಲದವರಿಗೆಂದು ನಮ್ಮೂರಲ್ಲಿ ಹಿಂದೊಮ್ಮೆ ಸಾಲುಮನೆ ಕಟ್ಟಿದರು. ಜಾಗ ಆರಿಸಿದ್ದು ಎರೆ ನೆಲದಲ್ಲಿ. ಎರೆಯ ಗುಣ ಒಕ್ಕಲಿಗನಿಗೆ ಹೇಳಬೇಕಿಲ್ಲ. ಮಳೆಗಾಲಕ್ಕೆ ಉಬ್ಬುತ್ತದೆ, ಬ್ಯಾಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಎರಡಡಿ ಪಾಯ ಹಾಕಿ ಎಬ್ಬಿಸಿದ ಗೋಡೆ ಮೂರನೇ ಬ್ಯಾಸಿಗೆಗೆ ಬಾಯಿ ಬಿಟ್ಟಿತು. ಊರ ಇನ್ನೊಂದು ಮಗ್ಗುಲಿಗೆ ಗರಸಿನ ದಿಬ್ಬ ಇತ್ತು, ಅದೂ ಸರಕಾರದ್ದೇ. ಯಾವ ಮುದುಕನನ್ನು ಕೇಳಿದ್ದರೂ ತೋರಿಸುತ್ತಿದ್ದ.

"ನಮ್ಮನ್ನು ಕೇಳಲಿಲ್ಲ" ಎಂದು ನಾವೆಲ್ಲ ಬೈದೆವು. ಆದರೆ ಗ್ರಾಮಸಭೆಯ ಡಂಗುರ ಸಾರಿದ್ದರು. ಅವತ್ತು ಹದ ಇತ್ತೆಂದು ನಾನು ಬಿತ್ತಲು ಹೋಗಿದ್ದೆ. ಸಭೆಯಲ್ಲಿ ಕುಂತವರು ಹತ್ತು ಮಂದಿ, ಸಹಿ ಮಾತ್ರ ಬಹಳ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮಲಪ್ರಭೆಯ ಪಾಠ

2009ರ ಸೆಪ್ಟೆಂಬರ್ ಕೊನೆಗೆ ಬಂದ ನೆರೆಯ ನಂತರ ಮಲಪ್ರಭೆ ದಂಡೆಯ ಊರುಗಳಿಗೆ 'ಆಸರೆ' ಹೆಸರಿನಲ್ಲಿ ಹೊಸ ಮನೆ ಕಟ್ಟಿದರು. ದಾನಿಗಳೂ ಕೈ ಜೋಡಿಸಿದರು. ಆದರೂ ಎಷ್ಟೋ ಮನೆ ಖಾಲಿ ಉಳಿದವು, ಜಾಲಿಕಂಟಿ ಬೆಳೆಯಿತು. ಎತ್ತು ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಮಂದಿ ಹಳೇ ಊರಿನಲ್ಲೇ ಉಳಿದರು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಬಂತು. ಸಿಮೆಂಟು, ಕಬ್ಬಿಣಕ್ಕೆ ಕೊರತೆ ಇರಲಿಲ್ಲ. ಒಕ್ಕಲುತನದ ಮನೆ ಎಂದರೆ ಏನು ಎಂಬ ಲೆಕ್ಕವೇ ತಪ್ಪಿತ್ತು.

ಕಾಯ್ದೆ ಏನು ಕೊಟ್ಟಿದೆ?

ಹಳ್ಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ ವಾರ್ಡ್ ಸಭೆ, ಗ್ರಾಮಸಭೆ ಇವೆ. ಮನೆ ಯಾರಿಗೆ ಎಂಬ ಪಟ್ಟಿ ಅಲ್ಲೇ ಒಪ್ಪಿಗೆ ಆಗಬೇಕು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ ಅಡಿಗೆ ಜಾಗ ಸೇರಿ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಮನೆಯವರೇ ಕಟ್ಟಿಸಿಕೊಳ್ಳಬೇಕು, ಗುತ್ತಿಗೆದಾರನಿಗೆ ಕೊಡಕೂಡದು ಎಂಬುದು ಅದರ ನಿಯಮ. ಹಾಗಾಗಿ ಬಾಗಿಲು ಎಲ್ಲಿ, ಒಲೆ ಎಲ್ಲಿ ಎಂಬ ಮಾತು ನಮ್ಮ ಕೈಯಲ್ಲೇ ಇದೆ.

ಪಟ್ಟಣಕ್ಕೆ ಗ್ರಾಮಸಭೆ ಇಲ್ಲ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ತಂಗಿಯಂಥವರು ಬಾಯಿಮಾತು ಬಿಟ್ಟು ಅರ್ಜಿ ಬರೆದು ಅಲ್ಲಿಗೆ ಕೊಡಬೇಕು.

ಸಹಿ ಹಾಕುವ ಮುಂಚೆ

1. ಜಾಗಕ್ಕೆ ಹೋಗಿ ನಾಲ್ಕೈದು ಅಡಿ ತೆಗ್ಗು ತೋಡಿಸಿ ನೋಡಿ. ಎರೆ ಇದ್ದರೆ ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸಲು, ಮನೆ ಸುತ್ತ ನೀರು ನಿಲ್ಲದಂತೆ ಮಾಡಲು ಹೇಳಿ. ಗರಸು ನೆಲ ಬೇರೆ ಕಡೆ ಇದ್ದರೆ ಅದನ್ನೇ ಕೇಳಿ.

2. ಹಳ್ಳದ ನೀರು ಎಲ್ಲಿವರೆಗೆ ಬಂದಿತ್ತೆಂದು ವಯಸ್ಸಾದವರಿಂದ ತಿಳಿಯಿರಿ.

3. ನಕಾಶೆ ನಮಗೆ ತಿಳಿಯುವುದಿಲ್ಲ. ಬಯಲಲ್ಲಿ ಬೂದಿಯಿಂದ 18 ಅಡಿ ಉದ್ದ, 15 ಅಡಿ ಅಗಲ ಗೆರೆ ಎಳೆಯಿರಿ. ಅದೇ 270 ಚದರ ಅಡಿ. ಒಳಗೆ ಒಲೆ ಇಡಿ, ಹಾಸಿಗೆ ಹಾಸಿ, ಜೋಳದ ಚೀಲ ಇಡಿ. ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ.

4. ದನ, ಮೇವು, ಸಾಮಾನಿಗೆ ಜಾಗ ಎಲ್ಲಿ, ಹೊಲಕ್ಕೆ ಎಷ್ಟು ದೂರ ಎಂದು ಕೇಳಿ.

5. ಹೆಣ್ಣುಮಕ್ಕಳನ್ನು ಬೇರೆ ಕೂಡಿಸಿ ಕೇಳಿ. ಹೊಗೆ, ಬಚ್ಚಲು, ನೀರು ಹೊರುವ ಕಷ್ಟ ಅವರಿಗೇ ಗೊತ್ತು. ಗಂಡಸರ ಮುಂದೆ ಬಾಯಿ ಬಿಡುವುದಿಲ್ಲ.

6. ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಓದಿಸಿ ಕೇಳಿ, ಪ್ರತಿ ಪಡೆಯಿರಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ನಾನು ಹೇಳಿದಂತೆ ತಂಗಿ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಒಂದು ಅರ್ಜಿ ಬರೆಸಿದಳು. ರೊಟ್ಟಿ ಬಡಿಯುವವರಿಗೆ ನೆಲಮಟ್ಟದ ಮನೆ, ಇಲ್ಲವೇ ಕೆಳಗೆ ಒಂದು ಹೊಗೆಗೂಡಿನ ಅಡಿಗೆ ಚಪ್ಪರ ಬೇಕು ಎಂದು ಅದರಲ್ಲಿದೆ. ಕೊಟ್ಟು ಬಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಗೂಟವನ್ನೂ ಇನ್ನೂ ಹೊಡೆದಿಲ್ಲ. ಕೇಳುವ ಹೊತ್ತು ಇದೇ.

ಮುಂದಿನ ಗ್ರಾಮಸಭೆಯ ದಿನ ಎಂಥ ಹದ ಇದ್ದರೂ ನಾನು ಒಂದು ತಾಸು ಕೂರಿಗೆ ನಿಲ್ಲಿಸುವವನಿದ್ದೇನೆ. ನಿಮ್ಮೂರಲ್ಲಿ ಸಭೆಯಲ್ಲಿ ಮಾತಾಡಿ ಮನೆಯ ಜಾಗ ಬದಲಿಸಿದ ಅನುಭವವಿದ್ದರೆ ಪತ್ರಿಕೆಗೆ ಬರೆಯಿರಿ. ಉಳಿದವರಿಗೆ ದಾರಿ ಆಗುತ್ತದೆ.