ತೂಕಡಿಸುವ ದುಭಾಷಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಗುರುಮನೆಯ ಮುಂದಿನ ಕೋಣೆಯಲ್ಲಿ ಧರ್ಮಕೇಂದ್ರದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ನರ್ಸಿಂಗ್ ಮುಗಿಸಿದ್ದ ಅವಳಿಗೆ ದೂರದ ಆಸ್ಪತ್ರೆಯೊಂದರವರು ವಿಡಿಯೋ ಮೂಲಕ ಸಂದರ್ಶನ ನಡೆಸುತ್ತಿದ್ದರು. ಅವಳ ತಾಯಿ ಹೊರಗೆ ಜಗಲಿಯಲ್ಲಿ ಕುಳಿತು ಜಪಸರದ ಮಣಿ ಎಣಿಸುತ್ತಿದ್ದರು. ಹತ್ತು ನಿಮಿಷ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ವೈ-ಫೈ ಪೆಟ್ಟಿಗೆಗೆ ಬ್ಯಾಟರಿ ಇದೆ, ಲ್ಯಾಪ್‌ಟಾಪಿಗೂ ಇದೆ. ಆದರೂ ಸಂಪರ್ಕ ಕಡಿದುಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಆ ಕಡೆಯವರು, "ಸಮಯವಾಯಿತು, ಇನ್ನೊಂದು ದಿನ ನೋಡೋಣ" ಎಂದುಬಿಟ್ಟರು.

ಹುಡುಗಿ ಅಳುತ್ತಿದ್ದಳು. ನಾನು ಲ್ಯಾಪ್‌ಟಾಪನ್ನು ಒಮ್ಮೆ ತಿರುಗಿಸಿ ನೋಡಿ, "ಹಳೆಯದಾಗಿದೆಯಮ್ಮ, ಹೊಸದೇ ಬೇಕು" ಎಂದೆ. ಅದು ಯಾರಿಂದಲೋ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರ. ತಾಯಿ ಕಿವಿಯ ಓಲೆ ಮುಟ್ಟಿ ನೋಡಿಕೊಂಡು, "ಆಯ್ತು ಸ್ವಾಮಿ, ಇದನ್ನ ಅಡವಿಟ್ಟು ತರ್ತೀನಿ" ಎಂದರು. ಅವರಿಗೆ ಯಜಮಾನರಿಲ್ಲ. ಉಳಿದಿದ್ದ ಬಂಗಾರ ಅದೊಂದೇ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ರೋಗ ಏನೆಂದು ನೋಡದೆ ನಾನು ಔಷಧಿ ಬರೆದುಕೊಟ್ಟಿದ್ದೆ. ಬೆಳಗಿನ ಬಲಿಪೂಜೆ ಮುಗಿದ ಕೂಡಲೇ ಅವರ ಮನೆಗೆ ಹೇಳಿ ಕಳುಹಿಸಿದೆ: "ಓಲೆ ಅಡವಿಡಬೇಡಿ, ಲ್ಯಾಪ್‌ಟಾಪ್ ತನ್ನಿ."

ದುಭಾಷಿ ಯಾರು?

ತಾಳವಾಡಿ ಸೀಮೆಯ ನಮಗೆ ದುಭಾಷಿ ಎಂದರೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ತಮಿಳು ಬಾರದ ಹಿರಿಯರು ಅರ್ಜಿ ಹಿಡಿದು ಹೋಗುವಾಗ ಜೊತೆಗೊಬ್ಬ ಹುಡುಗನನ್ನು ಕರೆದೊಯ್ಯುತ್ತಾರೆ. ಲ್ಯಾಪ್‌ಟಾಪಿನೊಳಗೂ ಇಂಥವನೊಬ್ಬನಿದ್ದಾನೆ. ವೈ-ಫೈ ಹಿಡಿಯುವ ಸಣ್ಣ ಕಾರ್ಡಿನ ಭಾಷೆ ಒಂದು, ಯಂತ್ರವನ್ನು ನಡೆಸುವ ವಿಂಡೋಸ್‌ನ ಭಾಷೆ ಇನ್ನೊಂದು. ಇವೆರಡರ ನಡುವೆ ಮಾತು ದಾಟಿಸುವ ತಂತ್ರಾಂಶವೇ ಡ್ರೈವರ್. ಡ್ರೈವರ್ ತಪ್ಪಿದರೆ ಕಾರ್ಡ್ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಬ್ಯಾಟರಿ ಉಳಿಸಲೆಂದು ಡ್ರೈವರ್ ಆ ಕಾರ್ಡನ್ನು ಆಗಾಗ ಮಲಗಿಸಿ ಎಬ್ಬಿಸುತ್ತಿರುತ್ತದೆ. ದೋಷವಿರುವ ಡ್ರೈವರಿಗೆ ಮಲಗಿಸಲು ಬರುತ್ತದೆ, ಸರಿಯಾಗಿ ಎಬ್ಬಿಸಲು ಬರುವುದಿಲ್ಲ. ನಮ್ಮ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಆಗುತ್ತಿದ್ದುದು ಇದೇ. ಚಾರ್ಜರ್ ಹಾಕಿದ್ದಾಗ ಗಂಟೆಗಟ್ಟಲೆ ಸಂಪರ್ಕ ನಿಲ್ಲುತ್ತಿತ್ತು, ತೆಗೆದರೆ ಕೆಲವೇ ನಿಮಿಷದಲ್ಲಿ ಕಡಿಯುತ್ತಿತ್ತು. ಈ ಒಂದು ಸುಳಿವು ಸಿಕ್ಕಿದ್ದು ಹಿಂದಿನ ದಿನದ ಘಟನೆಯನ್ನು ನಿಧಾನವಾಗಿ ನೆನೆದಾಗ.

ನೀವೇ ಮಾಡಿ ನೋಡಬಹುದಾದದ್ದು

ರಿಪೇರಿ ಎಂದರೆ ನಾವು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೋ, ಇತ್ತ ಚಾಮರಾಜನಗರಕ್ಕೋ ಹೋಗಬೇಕು. ಒಂದು ದಿನದ ಕೂಲಿ ಹೋದಂತೆ. ಆದ್ದರಿಂದ ಬಸ್ಸು ಹತ್ತುವ ಮೊದಲು ಇಷ್ಟನ್ನು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ.

1. ತಪ್ಪು ಯಾರದು? ಲ್ಯಾಪ್‌ಟಾಪ್ ಇಟ್ಟಿರುವ ಜಾಗದಲ್ಲೇ ಅದೇ ವೈ-ಫೈಗೆ ಫೋನನ್ನು ಸೇರಿಸಿ. ಫೋನಿನಲ್ಲೂ ಕಡಿದರೆ ದೋಷ ಲೈನಿನದ್ದೋ, ಪೆಟ್ಟಿಗೆಯದ್ದೋ, ದಪ್ಪ ಗೋಡೆಯದ್ದೋ ಇರಬೇಕು. ಫೋನಿಗೆ ಬಂದು ಲ್ಯಾಪ್‌ಟಾಪಿಗೆ ಬಾರದಿದ್ದರೆ ಮಾತ್ರ ಮುಂದೆ ಓದಿ. ಏರೋಪ್ಲೇನ್ ಮೋಡ್ ಕೈತಪ್ಪಿ ಒತ್ತಿಹೋಗಿದೆಯೇ ಎಂದೂ ನೋಡಿ.

2. ನಿದ್ದೆ ಬಿಡಿಸಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ 'ನೆಟ್‌ವರ್ಕ್ ಅಡಾಪ್ಟರ್ಸ್' ಕೆಳಗೆ ವೈ-ಫೈ ಅಥವಾ ವೈರ್‌ಲೆಸ್ ಎಂದಿರುವ ಹೆಸರಿನ ಮೇಲೆ ಎರಡು ಸಲ ಒತ್ತಿ. 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಸಾಲಿನ ಮುಂದಿರುವ ಗುರುತನ್ನು ತೆಗೆಯಿರಿ. ನಂತರ ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್' ಒಳಗಿನ ಅಡ್ವಾನ್ಸ್ಡ್ ಭಾಗದಲ್ಲಿ 'ವೈರ್‌ಲೆಸ್ ಅಡಾಪ್ಟರ್ ಸೆಟಿಂಗ್ಸ್' ಹುಡುಕಿ, 'ಆನ್ ಬ್ಯಾಟರಿ' ಎಂಬಲ್ಲಿ 'ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಆರಿಸಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಸಂಪರ್ಕ ನಿಲ್ಲುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಇವು ಕಾಣಿಸುವುದಿಲ್ಲ. ಆಗ ಮುಂದಿನದಕ್ಕೆ ಹೋಗಿ.

3. ಡ್ರೈವರ್ ಬದಲಿಸಿ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ, ಅದೇ ಕಿಟಕಿಯ 'ಡ್ರೈವರ್' ಪುಟದಲ್ಲಿ 'ರೋಲ್ ಬ್ಯಾಕ್' ಒತ್ತಿದರೆ ಹಳೆಯ ಡ್ರೈವರ್ ಮರಳುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲ ಎಂದರ್ಥ. ಆಗ ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆ ನೋಡಿ, ತಯಾರಿಸಿದ ಕಂಪನಿಯ ಸ್ವಂತ ತಾಣದಿಂದಲೇ ಹೊಸ ಡ್ರೈವರ್ ಇಳಿಸಿಕೊಳ್ಳಿ. ನೆಟ್ಟೇ ಇಲ್ಲದಾಗ ಇಳಿಸುವುದು ಹೇಗೆ? ಫೋನನ್ನು ಚಾರ್ಜಿಂಗ್ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ 'ಯುಎಸ್‌ಬಿ ಟೆದರಿಂಗ್' ಹಾಕಿದರೆ ವೈ-ಫೈ ಇಲ್ಲದೆಯೂ ಫೋನಿನ ನೆಟ್ ಸಿಗುತ್ತದೆ.

4. ಕೊನೆಯ ಉಪಾಯ. 'ನೆಟ್‌ವರ್ಕ್ ರೀಸೆಟ್' ಮಾಡಿದರೆ ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳೆಲ್ಲ ಅಳಿಸಿಹೋಗುತ್ತವೆ. ಮೊದಲೇ ಬರೆದಿಟ್ಟುಕೊಳ್ಳಿ. ಇಷ್ಟಾದರೂ ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಕಾರ್ಡ್ ಸಡಿಲವಾಗಿರಬಹುದು ಅಥವಾ ಕೆಟ್ಟಿರಬಹುದು. ಆಗಲೂ ಹೊಸ ಲ್ಯಾಪ್‌ಟಾಪ್ ಬೇಡ. ಹೆಬ್ಬೆರಳಿನಷ್ಟು ಗಾತ್ರದ ಯುಎಸ್‌ಬಿ ವೈ-ಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಒಂದು ಎಚ್ಚರಿಕೆ

'ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಉಚಿತವಾಗಿ ಸರಿಪಡಿಸುತ್ತೇವೆ' ಎಂದು ಪರದೆಯ ಮೇಲೆ ಬರುವ ಜಾಹೀರಾತುಗಳನ್ನು ಒತ್ತಬೇಡಿ. ಅವುಗಳ ಹಿಂದೆ ವೈರಸ್ ಇರಬಹುದು, ಹಣ ಕೇಳುವವರೂ ಇರಬಹುದು. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತಮಿಳುನಾಡು ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿದ ಮೇಲೆ ನಮ್ಮ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂತು. ಅಂಥ ಹಳೆಯ ಯಂತ್ರಗಳಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರುವುದು ಕ್ಷೇಮ.

ಎಬ್ಬಿಸುವ ಪ್ರೀತಿ

ನಮ್ಮ ಹುಡುಗಿಯ ಲ್ಯಾಪ್‌ಟಾಪ್ ಎರಡನೇ ಹೆಜ್ಜೆಯಲ್ಲೇ ಹದಕ್ಕೆ ಬಂತು. ಭದ್ರವಾಗಲೆಂದು ಡ್ರೈವರನ್ನೂ ಹೊಸದು ಮಾಡಿದೆವು. ಖರ್ಚು ಒಂದು ರೂಪಾಯಿಯೂ ಇಲ್ಲ. ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಂದು ದಿನ ಕೊಟ್ಟರು. ಆವತ್ತೂ ಕರೆಂಟ್ ಹೋಯಿತು, ಸಂಪರ್ಕ ಹೋಗಲಿಲ್ಲ. ಆ ಕೆಲಸ ಮಾತ್ರ ಅವಳಿಗೆ ಸಿಗಲಿಲ್ಲ. "ಈ ಸಲ ಸೋತದ್ದು ನಾನು ಫಾದರ್, ನೆಟ್ ಅಲ್ಲ. ಇನ್ನೂ ಓದ್ಕೋಬೇಕು" ಎಂದು ನಕ್ಕಳು. ಈಗ ಬೇರೆ ಎರಡು ಕಡೆ ಅರ್ಜಿ ಹಾಕಿದ್ದಾಳೆ. ತಾಯಿಯ ಓಲೆ ಕಿವಿಯಲ್ಲೇ ಇದೆ.

ಪ್ರಿಯ ಓದುಗರೇ, 2002ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ ಎರಡನೇ ಜಾನ್ ಪೌಲರು ಅಂತರ್ಜಾಲವನ್ನು ಶುಭಸಂದೇಶ ಸಾರುವ ಹೊಸ ವೇದಿಕೆಯೆಂದು ಕಂಡರು. ನಮ್ಮಂಥ ಗಡಿಯ ಊರುಗಳಲ್ಲಿ ಅದು ಬಡವರ ಮಕ್ಕಳಿಗೆ ದುಡಿಮೆಯ ಬಾಗಿಲೂ ಹೌದು. ಆ ಬಾಗಿಲನ್ನು ತೆರೆದಿಡುವುದು ಕೂಡ ಒಂದು ಸೇವೆ. ಕಂಪ್ಯೂಟರ್ ಬಲ್ಲ ಯುವಕ ಯುವತಿಯರೇ, ಭಾನುವಾರದ ಪೂಜೆಯ ನಂತರ ಅರ್ಧ ಗಂಟೆ ನೆರೆಯವರಿಗಾಗಿ ಕೊಡಬಾರದೇ?

ಗೆತ್ಸೆಮನಿ ತೋಟದಲ್ಲಿ ಶಿಷ್ಯರು ನಿದ್ದೆಹೋದಾಗ ಯೇಸುಸ್ವಾಮಿ ಅವರನ್ನು ಕೈಬಿಡಲಿಲ್ಲ. ಮತ್ತೆ ಮತ್ತೆ ಬಂದು ಎಬ್ಬಿಸಿದರು. 'ಇದು ಕೆಲಸಕ್ಕೆ ಬಾರದು' ಎಂದು ಯಂತ್ರದ ಬಗ್ಗೆ ನಾನು ಆಡಿದ ಮಾತನ್ನು ನಾವು ಎಷ್ಟು ಸಲ ಮಗನ ಬಗ್ಗೆ, ಸೊಸೆಯ ಬಗ್ಗೆ, ವಯಸ್ಸಾದ ತಂದೆಯ ಬಗ್ಗೆ ಆಡಿಲ್ಲ? ಆಡುವ ಮೊದಲು ಒಮ್ಮೆ ಹತ್ತಿರ ಕುಳಿತು ನೋಡೋಣ.