ಮೂರೆಳೆಯ ಹುರಿ

ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು ಎಷ್ಟು ಎಳೆದರೂ ಸುಲಭವಾಗಿ ಹರಿಯದು. ಅದು ಕೊಲಾಜನ್ ಎಂಬ ಪ್ರೋಟೀನಿನಿಂದಾದ ನಾರು. ನಮ್ಮ ಚರ್ಮದ ಬಿಗುವಿಗೂ ಇದೇ ಕಾರಣ. ಇದಕ್ಕೆ ಈ ಬಲ ಎಲ್ಲಿಂದ ಬಂದಿತು? ಅದರ ಪರಮಾಣುಗಳ ಜೋಡಣೆಯನ್ನು ಅರಿಯದೆ ಉತ್ತರ ಹೇಳುವಂತಿರಲಿಲ್ಲ.

ಪರಮಾಣುಗಳ ನಡುವಣ ಅಂತರ ಒಂದು ಸೆಂಟಿಮೀಟರಿನ ಕೆಲವು ಕೋಟಿಯಲ್ಲೊಂದು ಪಾಲು ಮಾತ್ರ. ನಾವು ಕಾಣುವ ಬೆಳಕಿನ ಅಲೆ ಅದಕ್ಕಿಂತ ಸಾವಿರಾರು ಪಟ್ಟು ಉದ್ದ. ಆದುದರಿಂದ ಸಾಮಾನ್ಯ ಸೂಕ್ಷ್ಮದರ್ಶಕ ಇಲ್ಲಿ ಕುರುಡು. ಕ್ಷ-ಕಿರಣದ ಅಲೆಯಾದರೋ ಆ ಅಂತರಕ್ಕೆ ಸಮೀಪದ್ದು. 1912ರಲ್ಲಿ ಜರ್ಮನಿಯ ವಿಜ್ಞಾನಿ ಲಾವೆಯ ಸೂಚನೆಯಂತೆ ಹರಳೊಂದರ ಮೂಲಕ ಈ ಕಿರಣಗಳನ್ನು ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕೆಗಳ ವಿನ್ಯಾಸ ಮೂಡಿತು. ಈ ಚುಕ್ಕೆಗಳು ಪರಮಾಣುಗಳ ಚಿತ್ರವಲ್ಲ, ಬಿಡಿಸಬೇಕಾದ ಒಗಟು. ಬ್ರಾಗ್ ತಂದೆಮಕ್ಕಳು ಮರುವರ್ಷವೇ ಅಡಿಗೆಯ ಉಪ್ಪಿನ ರಚನೆಯನ್ನು ಹೀಗೆ ಬಿಡಿಸಿದರು.

ಉಪ್ಪು ಕ್ರಮಬದ್ಧವಾದ ಹರಳು. ನಾರು ಹಾಗಲ್ಲ; ಅದು ಕೊಡುವುದು ಮಸುಕಾದ ಕೆಲವೇ ಗುರುತುಗಳನ್ನು. ಆಗ ಉಳಿಯುವ ದಾರಿಯೊಂದೇ: ಹೀಗಿರಬಹುದೆಂದು ಮಾದರಿ ಕಟ್ಟುವುದು, ಅದನ್ನು ಗುರುತುಗಳೊಡನೆ ಒರೆಗೆ ಹಚ್ಚುವುದು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯದಲ್ಲಿ ಗೋಪಿನಾಥ ಕರ್ತ ಅವರೊಡನೆ ಹಿಡಿದದ್ದು ಈ ದಾರಿಯನ್ನೇ. ಅವರು ಕ್ಷ-ಕಿರಣಕ್ಕೊಡ್ಡಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜುವನ್ನು!

ಕೊಲಾಜನ್ನಿನ ಘಟಕಗಳಲ್ಲಿ ಮೂರನೆಯ ಒಂದು ಪಾಲು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಇದು ಆಕಸ್ಮಿಕವಾಗಿರಲಾರದು. ಮೂರು ಸರಪಳಿಗಳು ಒತ್ತೊತ್ತಾಗಿ ನಿಂತರೆ ನಡುವೆ ಉಳಿಯುವ ಸಂದಿಯಲ್ಲಿ ಗ್ಲೈಸೀನಿಗಲ್ಲದೆ ಬೇರಾವುದಕ್ಕೂ ಎಡೆಯಿಲ್ಲ. ಈ ಮಾದರಿ 1954ರಲ್ಲಿ ಪ್ರಕಟವಾಯಿತು. ಮರುವರ್ಷ ಅದನ್ನು ತಿದ್ದಿ, ಸರಪಳಿಗಳು ಒಂದನ್ನೊಂದು ಸುತ್ತಿಕೊಂಡಿವೆಯೆಂದು ಅವರು ತೋರಿಸಿದರು. ಭೂಮಿಗೆ ಒಂದೇ ಮುಖವನ್ನು ತೋರುತ್ತ ಸುತ್ತುವ ಚಂದ್ರನಂತೆ, ಪ್ರತಿಯೊಂದು ಸರಪಳಿಯೂ ತನ್ನ ಗ್ಲೈಸೀನನ್ನು ಒಳಮುಖವಾಗಿಯೇ ಇಟ್ಟುಕೊಂಡು ತಿರುಚುತ್ತದೆ. ಹಗ್ಗ ಹೊಸೆದು ಬಲ್ಲವರಿಗೆ ಇದರ ಬಲ ಬೇರೆ ಹೇಳಬೇಕಾಗಿಲ್ಲ.

ಆದರೆ ಇಂಗ್ಲೆಂಡಿನಲ್ಲಿ ಕ್ರಿಕ್ ಮತ್ತು ರಿಚ್ ಆಕ್ಷೇಪವೆತ್ತಿದರು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರವಿವೆ. ಹಾಗಾದರೆ ಆ ಮಿತಿ ಯಾವುದು? ರಾಮಚಂದ್ರನ್ ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ಅಳತೆಗಳನ್ನು ಶೋಧಿಸಿ, ಪರಮಾಣುಗಳು ಎಷ್ಟು ಸಮೀಪಿಸಬಲ್ಲವೆಂದು ಗೊತ್ತುಮಾಡಿದರು. ಆ ಆಧಾರದಿಂದ, ಪ್ರೋಟೀನ್ ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಚಬಹುದೆಂಬ ನಕ್ಷೆಯನ್ನು ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೊಡನೆ 1963ರಲ್ಲಿ ಪ್ರಕಟಿಸಿದರು. ಟೀಕೆಗೆ ಇದಕ್ಕಿಂತ ಉತ್ತಮ ಉತ್ತರವನ್ನು ನಾನು ಕಂಡಿಲ್ಲ.

ಕೊಲಾಜನ್ನಿನಂಥ ಅಣುವಿನ ಹರಳಿನ ರಚನೆ 1994ರಲ್ಲಿ ಪ್ರಕಟವಾದಾಗ ಮೂರೆಳೆಯ ಹುರಿ ಸ್ಪಷ್ಟವಾಗಿ ಕಂಡಿತು. ಎಳೆಗಳನ್ನು ಬೆಸೆಯುವ ಹೈಡ್ರೊಜನ್ ಬಂಧಗಳು ಎಷ್ಟೆಂಬ ಒಂದು ವಿಷಯದಲ್ಲಿ ಮಾತ್ರ ಟೀಕಾಕಾರರ ಲೆಕ್ಕವೇ ನಿಂತಿತು. ಪ್ರೋಟೀನಿನ ಹೊಸ ಮಾದರಿಯನ್ನು ಕಟ್ಟಿದವರು ಇಂದಿಗೂ ಅದನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ.